ಸಟವಿ ಬರೆಯದ ಹಣೆಬರಹ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಇಂದು ನಮ್ಮ ಆಸ್ಪತ್ರೆಯನ್ನು ಬಿಟ್ಟು ಹೋಗುತ್ತಿರುವ ಡಾಕ್ಟರ್ ಶುಭಾಂಗಿಯವರೇ, ಮಗಳಿಗೆ ಹಾಕುವ ಹಾರ ನೋಡಲೆಂದು ಅಕ್ಕೋಳದಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಅವರ ತಂದೆ ಜ್ಞಾನದೇವ ಅವರೇ, ದಾದಿಯರೇ, ಆಶಾ ಕಾರ್ಯಕರ್ತೆಯರೇ, ಸಭಿಕರೇ.

ಅಧ್ಯಕ್ಷರ ಹೆಸರನ್ನು ಹೇಳಿಯೇ ಮಾತು ಶುರು ಮಾಡಬೇಕೆಂದು ನಿರೂಪಕರು ನನ್ನ ಕಿವಿಯಲ್ಲಿ ಹೇಳಿದ್ದಾರೆ. ಪಾಪ, ಅವರು ಹೊಸಬರು. ಅಧ್ಯಕ್ಷರು ನನ್ನ ಯಜಮಾನರು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿಸಲೇಬೇಕೆಂದರೆ ಬಾಗಿಲಲ್ಲಿ ಅಡ್ಡಗಟ್ಟಿ, ಪ್ರಾಸದಲ್ಲಿ ಹೆಸರು ಹೆಣೆದ ಒಡಪು ಹಾಕಿಸುತ್ತಾರೆ. ಈ ವಯಸ್ಸಿನಲ್ಲಿ ಒಡಪು ಬೇಡ, ನೇರವಾಗಿಯೇ ಹೇಳುತ್ತೇನೆ. ಶ್ರೀ ವಿರುಪಾಕ್ಷಪ್ಪನವರೇ.

ಚಪ್ಪಾಳೆ ತಟ್ಟಬೇಡಿ. ಮಾತು ಇನ್ನೂ ಶುರುವಾಗಿಲ್ಲ.

ನಾನು ಗೌರಾಬಾಯಿ. ಈ ಊರಿನ ಹೆಣ್ಣುಮಕ್ಕಳಿಗೆ ವಿಜ್ಞಾನ ಕಲಿಸಿದವಳು, ಆಮೇಲೆ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ನನ್ನ ಕೈಯಲ್ಲಿ ಕಲಿತವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ನಾನು ಒಳಗೆ ಬಂದಾಗ ಹಿಂದಿನ ಸಾಲಿನಲ್ಲಿ ಕೆಲವರು ಎದ್ದು ನಿಂತಿರಿ. ಶಾಲೆಯಲ್ಲಿ ನಾನು ಬಂದರೆ ಇಡೀ ತರಗತಿ ಎದ್ದು ನಿಲ್ಲುತ್ತಿತ್ತು. ಸಂಜೆ ಮನೆಗೆ ಹೋದರೆ ನಾನೇ ನಿಂತಿರುತ್ತಿದ್ದೆ. ಇದನ್ನು ನಗಿಸಲೆಂದು ಹೇಳಿದೆ. ನೀವು ನಗಲಿಲ್ಲ. ಇರಲಿ.

ಈ ಆಸ್ಪತ್ರೆಗೆ ನಮ್ಮ ಅತ್ತೆ ಶಿವಗಂಗವ್ವನವರ ಹೆಸರಿದೆ. ಅವರು ಹೆತ್ತದ್ದು ಒಂಬತ್ತು, ಉಳಿದದ್ದು ಮೂರು. ಹಾಸಿಗೆ ಹಿಡಿದಾಗ ಅವರು ಮಗನನ್ನು ಕರೆದು, "ಹೋದ ಕೂಸುಗಳ ಹೆಸರೀಲೆ ಒಂದು ದವಾಖಾನಿ ಕಟ್ಟಸಪಾ" ಎಂದಿದ್ದರು. ಹೋದ ಕೂಸುಗಳಿಗೆ ಹೆಸರೇ ಇರಲಿಲ್ಲ. ಹಾಗಾಗಿ ನಾವು ಅವರ ಹೆಸರನ್ನೇ ಬರೆಸಿದೆವು. ಕಬ್ಬು, ದ್ರಾಕ್ಷಿ ಚೆನ್ನಾಗಿ ಬಂದ ಕಾಲ, ಕಟ್ಟಡವೂ ಚೆನ್ನಾಗಿಯೇ ಎದ್ದಿತು. ಮಕ್ಕಳ ಡಾಕ್ಟರು ಮಾತ್ರ ಸಿಗಲಿಲ್ಲ. ಈ ಬಿಸಿಲಿಗೆ, ಈ ಧೂಳಿಗೆ ಯಾರು ಬರುತ್ತಾರೆ? ಬಂದವರು ಡಾಕ್ಟರ್ ಶುಭಾಂಗಿ. ಅವರ ಕನ್ನಡದಲ್ಲಿ ಅರ್ಧ ಮರಾಠಿ ಇರುತ್ತದೆ. ನಮ್ಮ ತೆಲಸಂಗದ ಕೂಸುಗಳು ಅದಕ್ಕೆ ಎಂದೂ ತಕರಾರು ಮಾಡಲಿಲ್ಲ.

ನನಗಿಂತ ಮೊದಲು ಮಾತಾಡಿದ ಮುರಗೆಪ್ಪನವರು ನಮ್ಮ ಟ್ರಸ್ಟಿನ ಕಾರ್ಯದರ್ಶಿಗಳು. ಡಾಕ್ಟರು ವೈಯಕ್ತಿಕ ಕಾರಣಗಳಿಂದ ಹೋಗುತ್ತಿದ್ದಾರೆ ಎಂದು ಅವರು ಹೇಳಿದರು. ಒಮ್ಮೆಯಲ್ಲ, ನಾಲ್ಕಾರು ಸಲ ಹೇಳಿದರು. ವೈಯಕ್ತಿಕ ಎನ್ನುವ ಶಬ್ದದ ಅರ್ಥವೇನು? ಒಬ್ಬ ವ್ಯಕ್ತಿಗೆ ಸಂಬಂಧಿಸಿದ್ದು. ಆ ವ್ಯಕ್ತಿ ಯಾರು ಎನ್ನುವುದನ್ನು ಮುರಗೆಪ್ಪನವರು ಹೇಳಲಿಲ್ಲ. ಅದನ್ನು ನಾನು ಹೇಳುತ್ತೇನೆ.

ನಮ್ಮ ಸೊಸೆಯ ಹೆಸರು ಶೀತಲ. ರಾಯಬಾಗದವಳು. ತಂದೆತಾಯಿ ಇಲ್ಲದೆ ಅಣ್ಣ ತುಕಾರಾಮನ ಮನೆಯಲ್ಲಿ ಬೆಳೆದವಳು. ನಮ್ಮ ಮಗ ಈಶ್ವರನನ್ನು ಮದುವೆಯಾಗಿ ಬಂದಾಗ ಅವಳು ಸೆಖೆಯಲ್ಲೂ ಉದ್ದ ತೋಳಿನ ಕುಪ್ಪಸ ಹಾಕುತ್ತಿದ್ದಳು. ಒಂದು ದಿನ ರೊಟ್ಟಿ ಬಡಿಯುವಾಗ ತೋಳು ಮೇಲೆ ಸರಿಯಿತು. ಮೊಣಕೈಯಿಂದ ಮೇಲೆ ನೀಲಿ ಕಲೆಗಳು. ಒಂದು ಹಸಿಯದು, ಒಂದು ಹಳದಿಗೆ ತಿರುಗಿದ್ದು. ನಾನು ಹೆಂಗಸು, ಈ ಕಲೆಗಳ ಅರ್ಥ ನನಗೆ ಗೊತ್ತಿದೆ ಎಂದುಕೊಂಡೆ. ಮಗನನ್ನು ದನದ ಕೊಟ್ಟಿಗೆಯ ಹಿಂದೆ ಕರೆದೊಯ್ದು ಕೇಳಿದೆ.

"ಲೇ ಈಶ್ವರಾ, ಆಕಿ ಮ್ಯಾಲೆ ಕೈ ಎತ್ತಿಯೇನು?"

ಅವನು ನನ್ನ ಮುಖವನ್ನೇ ನೋಡಿದ. "ಅವ್ವಾ, ನೀ ನನಗ ಹಿಂಗ ಕೇಳ್ತಿ?" ಎಂದು ಅಲ್ಲೇ ಕಟ್ಟೆಯ ಮೇಲೆ ಕುಳಿತು ಅತ್ತ. "ಆಕಿಗೆ ಸುಮ್ಮ ಮುಟ್ಟಿದ್ರೂ ಕಲಿ ಬೀಳ್ತಾವ. ಹಲ್ಲುಜ್ಜಿದ್ರ ರಕ್ತ ಬರ್ತೈತಿ. ಮಂದಿ ಏನ ಅಂತಾರೋ ಅಂತ ಹೆದರಿ ಮುಚ್ಚಿಕೊಂಡ ಅಡ್ಡಾಡ್ತಾಳ."

ಮನೆಯ ಸೊಸೆಯ ಮೈಮೇಲೆ ಕಲೆ ಕಂಡರೆ ಗಂಡ ಹೊಡೆದನೇ ಎಂದು ಕೇಳಬೇಕಾಗಿ ಬರುವ ಊರು ನಮ್ಮದು. ಇದರಲ್ಲಿ ನನ್ನ ತಪ್ಪೂ ಇಲ್ಲ, ಅವನ ತಪ್ಪೂ ಇಲ್ಲ.

ಅವಳು ಬಸುರಿಯಾದಾಗ ಡಾಕ್ಟರ್ ಶುಭಾಂಗಿ ರಕ್ತ ತಪಾಸಣೆ ಮಾಡಿಸಿದರು. ಪ್ಲೇಟ್‌ಲೆಟ್ ಬಹಳ ಕಡಿಮೆ. ಒಂದೂವರೆ ಲಕ್ಷ ಇರಬೇಕಾದಲ್ಲಿ ಮೂವತ್ತು ಸಾವಿರವೂ ಇಲ್ಲ. ನಾನು ತರಗತಿಯಲ್ಲಿ ಇವಕ್ಕೆ ಕಿರುತಟ್ಟೆಗಳು ಎಂದು ಕಲಿಸುತ್ತಿದ್ದೆ. ಗಾಯವಾದಾಗ ಓಡಿಬಂದು ತೂತು ಮುಚ್ಚಿ ರಕ್ತ ನಿಲ್ಲಿಸುವ ಕಣಗಳು. ಊರಲ್ಲಿ ಇವಕ್ಕೆ ಬಿಳಿ ಪೇಶಿ ಎನ್ನುತ್ತಾರೆ. ಅದು ತಪ್ಪು, ಬಿಳಿಯ ಕಣಗಳೇ ಬೇರೆ. ಆದರೆ ಡೆಂಗ್ಯೂ ಬಂದ ವರ್ಷದಿಂದ ಪ್ರತಿ ಕಟ್ಟೆಯ ಮೇಲೂ ಒಬ್ಬ ಪ್ಲೇಟ್‌ಲೆಟ್ ಪಂಡಿತ ಇದ್ದಾನೆ. ನಮ್ಮ ಚಿಕ್ಕತ್ತೆಯವರು ಪಪ್ಪಾಯಿ ಎಲೆ ಅರೆದು ರಸ ತಂದರು. ಅದನ್ನು ಕಂಡ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, "ಬಸರ ಹೆಂಗಸಿಗೆ ಪಪ್ಪಾಯಿ ಕುಡಸ್ತೀರೇನು?" ಎಂದು ಕೂಗಾಡಿದಳು. ಪಡಸಾಲೆಯಲ್ಲಿ ಅವರಿಬ್ಬರ ಜಗಳ. ಶೀತಲ ಮಾತ್ರ ಆ ಬಟ್ಟಲು ಹಿಡಿದುಕೊಂಡು, ಕುಡಿಯಬೇಕೋ ಚೆಲ್ಲಬೇಕೋ ತಿಳಿಯದೆ ನಿಂತಿದ್ದಳು. ನಾನು ಅದನ್ನು ತೆಗೆದುಕೊಂಡು ಹೋಗಿ ಬಚ್ಚಲಿಗೆ ಚೆಲ್ಲಿದೆ.

ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿದರು. "ಬಾಯಾರ, ಇದು ಊಟ ಕಮ್ಮಿ ಆಗಿ ಬಂದದ್ದಲ್ಲ. ಸೊಳ್ಳಿ ಕಡದು ಬಂದದ್ದೂ ಅಲ್ಲ. ಮೈ ಕಾಯೂ ಪಡಿ ಐತಲ್ಲ, ಅದು ತನ್ನ ಮಂದೀನ್ನ ವೈರಿ ಅಂತ ತಿಳದು ಕೊಲ್ಲಾಕತ್ತೈತಿ." ಮಿರಜದ ದೊಡ್ಡ ಆಸ್ಪತ್ರೆಯವರನ್ನು ಕೇಳಿ ಗುಳಿಗೆ ಕೊಟ್ಟರು. ಕಣ ಏರಿತು. ಹೆರಿಗೆಯ ಹೊತ್ತಿಗೆ ಶೀತಲಳಿಗೆ ಭಯವಿಲ್ಲ ಎನ್ನುವಷ್ಟು ಏರಿತು. ಆದರೆ ಅವರು ಇನ್ನೊಂದು ಮಾತನ್ನು ಹೇಳಿದ್ದರು. ಆ ಮಾತನ್ನು ದಯವಿಟ್ಟು ಎಲ್ಲರೂ ಕೇಳಿ, ಹಿಂದೆ ನಿಂತವರೂ ಕೇಳಿ.

"ಅವ್ವನ ಮೈಯಾಗಿನ ಆ ಪಡಿ ಹೊಕ್ಕಳಬಳ್ಳಿ ದಾಟಿ ಕೂಸಿಗೂ ಹೋಗತೈತಿ. ಹುಟ್ಟಿದಾಗ ಕೂಸು ಚಲೋನ ಕಾಣಬಹುದು. ಮುಂದಿನ ದಿನಗಳೊಳಗ ಅದರ ಪ್ಲೇಟ್‌ಲೆಟ್ ಇಳೀಬಹುದು. ತಿರುಗಿ ಏರೂತನಕ ದವಾಖಾನಿ ಬಿಡಬಾರದು. ಮೈ ತಿಕ್ಕಿ ಎರೀಬಾರದು."

ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕೆಂದು ಮಿರಜಕ್ಕೆ ಕಳಿಸಿದರು. ಗಂಡು ಮಗು ಹುಟ್ಟಿತು. ತಲೆತುಂಬ ಕೂದಲು. ತಾಯಿ ಕ್ಷೇಮ. ಮರುದಿನ ಕೂಸಿನ ಕಣ ಇಳಿಯತೊಡಗಿತು. ಡಾಕ್ಟರ್ ಶುಭಾಂಗಿ ಹೇಳಿದ್ದಂತೆಯೇ ಅಲ್ಲಿಯ ಡಾಕ್ಟರುಗಳೂ ಹೇಳಿದರು: ಏರುವ ತನಕ ಇಲ್ಲೇ ಇರಬೇಕು.

ಈಗ ಅಧ್ಯಕ್ಷರು ನೀರು ಕುಡಿಯುತ್ತಿದ್ದಾರೆ. ಕುಡಿಯಲಿ.

ನಮ್ಮಲ್ಲಿ ಕೂಸು ಹುಟ್ಟಿದ ಐದನೆಯ ದಿನ ಸಟವಿ ದೇವಿ ಬರುತ್ತಾಳೆ. ಕೂಸಿನ ಹಣೆಬರಹ ಬರೆಯುತ್ತಾಳೆ. ನಾನು ವಿಜ್ಞಾನ ಕಲಿಸಿದವಳಾದರೂ ಸಟವಿಯನ್ನು ಹೀಯಾಳಿಸಿದವಳಲ್ಲ. ನನ್ನ ಮಕ್ಕಳಿಗೂ ಪೂಜೆ ಮಾಡಿದ್ದೇನೆ. ಆದರೆ ಯಜಮಾನರು ಆ ಪೂಜೆಗೆ ಊರಿಗೆಲ್ಲ ಹೇಳಿಬಿಟ್ಟಿದ್ದರು. ಪೆಂಡಾಲ್ ಹಾಕಿಸಿದ್ದರು. ಅಥಣಿಯಿಂದ, ಕಾಗವಾಡದಿಂದ ದೊಡ್ಡ ಮಂದಿ ಬರುವವರಿದ್ದರು. ವಂಶಕ್ಕೆ ಗಂಡು ಹುಟ್ಟಿದೆ ಎನ್ನುವುದನ್ನು ನಾಲ್ಕು ಜನರಿಗೆ ತೋರಿಸಬೇಕಿತ್ತು. ಸಟವಿ ಒಂದು ನೆಪವಾಗಿತ್ತು.

ಮಿರಜದ ಆಸ್ಪತ್ರೆಯ ವರಾಂಡದಲ್ಲಿ ನಾನು ಅಡ್ಡ ನಿಂತೆ.

"ಕೂಸಿನ್ನ ಈಗ ಒಯ್ಯಬ್ಯಾಡ್ರಿ. ಪೂಜಿ ಇಲ್ಲೇ ಮಾಡೋಣು."

"ಐದನೇ ದಿನ ಸಟವಿ ಮನಿಗೆ ಬರ್ತಾಳ. ಕೂಸು ಮಿರಜದಾಗ ಇದ್ರ ಆಕಿ ಯಾರ ಹಣಿ ಮ್ಯಾಲೆ ಬರೀಬೇಕು?"

"ತೆಲಸಂಗದ ದಾರಿ ಗೊತ್ತಿರಾಕಿಗೆ ಮಿರಜದ ದಾರಿ ಗೊತ್ತಿರೂದಿಲ್ಲೇನ್ರಿ?"

"ಮಾತಿಗೆ ಮಾತು ಕೂಡಸೂದು ಸಾಲ್ಯಾಗ ಇಟಗೋ."

ಒಳಗಿನಿಂದ ಶೀತಲ ಕೂಗುತ್ತಿದ್ದಳು. "ಅತ್ಯಾರ, ಡಾಕ್ಟರು ಬ್ಯಾಡ ಅಂದಾರ್ರೀ. ಬಿಡಬ್ಯಾಡ್ರಿ ಅತ್ಯಾರ." ಯಜಮಾನರು ಅಲ್ಲಿಯ ಡಾಕ್ಟರಿಗೆ, "ಜವಾಬ್ದಾರಿ ನಂದು" ಎಂದರು. ಸಭಿಕರೇ, ಈ ಎರಡೇ ಶಬ್ದದ ಮಾತನ್ನು ಗಂಡಸರು ಎಷ್ಟು ಸಲೀಸಾಗಿ ಹೇಳುತ್ತಾರೆ! ಜವಾಬ್ದಾರಿ ನಂದು. ಆ ಜವಾಬ್ದಾರಿಗೆ ಈಗ ಮೂರು ವರ್ಷ. ದಿನಾ ಅದಕ್ಕೆ ಗಂಜಿ ಉಣಿಸುವವಳು ನಾನು, ಮೈ ಒರೆಸುವವಳು ಅದರ ತಾಯಿ.

ಕೂಸು ಮನೆಗೆ ಬಂತು. ಆ ಬೆಳಿಗ್ಗೆಯೇ ಅದಕ್ಕೆ ನೀರೆರೆಯಲು ಸುಂದರಾಬಾಯಿ ಬಂದಳು. ಅವಳು ವಿಧವೆ, ಬಾಣಂತಿಯರಿಗೆ, ಕೂಸುಗಳಿಗೆ ಎರೆದೇ ಬದುಕಿದವಳು. ಈ ಊರಿನ ಅರ್ಧ ಮಂದಿಯ ತಲೆ ದುಂಡಗಿದ್ದರೆ ಅದು ಅವಳ ಕೈಗುಣ. ಇಲ್ಲಿ ಕುಳಿತ ನಮ್ಮ ಮುರಗೆಪ್ಪನವರಿಗೂ ಅವಳ ತಾಯಿಯೇ ಎರೆದದ್ದು. ನಾನು, ಶೀತಲ ಇಬ್ಬರೂ ಮಿರಜದಿಂದ ತಡವಾಗಿ ಹೊರಟ ಹಿಂದಿನ ಗಾಡಿಯಲ್ಲಿ ಬರುತ್ತಿದ್ದೆವು. ಕೂಸನ್ನು ಮುಂದಿನ ಗಾಡಿಯಲ್ಲಿ ತಂದಿದ್ದರು. ನಾವು ಬಂದು ಇಳಿಯುವಷ್ಟರಲ್ಲಿ ಎರೆದು ಮುಗಿದಿತ್ತು. ಸುಂದರಾಬಾಯಿಗೆ ಯಾರೂ ಏನೂ ಹೇಳಿರಲಿಲ್ಲ. ಎಣ್ಣೆ ಹಚ್ಚಿ, ತಿಕ್ಕಿ, ತಲೆ ಒತ್ತಿ, ಕಾಲು ಹಿಡಿದು ಜಗ್ಗಿ, ಎಲ್ಲ ಕೂಸುಗಳಿಗೆ ಎರೆದ ಹಾಗೆಯೇ ಎರೆದಿದ್ದಳು. "ಬಾಯಾರ, ಕೂಸಿನ ಕಾಲಾಗ ಕೆಂಪು ಚುಕ್ಕಿ ಎದ್ದಾವ, ಇರುವಿ ಕಡದಾವೇನು?" ಎಂದು ಅವಳೇ ನನಗೆ ತೋರಿಸಿದಳು.

ನಾನು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೈಯಲ್ಲಿದ್ದ ರೋಗಿಯನ್ನು ದಾದಿಗೆ ಒಪ್ಪಿಸಿ ಬಂದರು. ಪೆಂಡಾಲಿನಲ್ಲಿ ಮೊದಲ ಪಂಕ್ತಿ ಹೋಳಿಗೆ ಉಣ್ಣುತ್ತಿತ್ತು. ಚುಕ್ಕಿ ನೋಡಿದ ಕೂಡಲೇ ಅವರು ಯಜಮಾನರ ಬಳಿ ಹೋದರು. "ಸಾಹೇಬ್ರ, ಈಗಿಂದೀಗ ಮಿರಜಕ್ಕ ಹೊಂಡಬೇಕ್ರಿ" ಎಂದರು.

ಯಜಮಾನರು ಅತಿಥಿಗಳಿಗೆ ಬಡಿಸುವ ಕಡೆ ನೋಡುತ್ತ ಹೇಳಿದರು. "ಎಲ್ಲಿಂದೋ ಬಂದವರು ನೀವು. ನಮ್ಮ ಬಾಗಲದಾಗ ನಿಂತು ಅಪಶಕುನ ನುಡೀಬ್ಯಾಡ್ರಿ. ಪೂಜಿ ಮುಗೀಲಿ, ನೋಡೋಣು."

ಎಲ್ಲಿಂದೋ ಬಂದವರು. ಅಕ್ಕೋಳ ಇರುವ ನಿಪ್ಪಾಣಿ ತಾಲೂಕು ಅಷ್ಟೇನೂ ದೂರವಲ್ಲ. ಆ ಮಾತಿನಲ್ಲಿದ್ದದ್ದು ಊರಲ್ಲ, ಅಕ್ಕೋಳದ ಯಾವ ಕೇರಿ ಎನ್ನುವುದು. ಸಭೆಗೆ ಅರ್ಥವಾಗಿದೆ ಎಂದು ತಿಳಿಯುತ್ತೇನೆ. ಜ್ಞಾನದೇವ ಅವರೇ, ನಿಮ್ಮ ಮಗಳು ಆ ದಿನ ನಿಮಗೆ ಇದನ್ನು ಹೇಳಿರಲಿಕ್ಕಿಲ್ಲ. ಆ ಮಾತು ಕೇಳಿಯೂ ಅವರು ನಮ್ಮ ಬಾಗಿಲು ಬಿಟ್ಟು ಹೋಗಲಿಲ್ಲ. ಅಂಗಳದ ಬಿಸಿಲಲ್ಲೇ ಕಾಯುತ್ತ ನಿಂತರು. ಕುಡಿಯಲು ನೀರು ಕೊಟ್ಟದ್ದು ಸುಂದರಾಬಾಯಿ.

ಪೂಜೆ ಮುಗಿಯಲಿಲ್ಲ. ನಡುವೆಯೇ ಕೂಸು ಮೊಲೆ ಬಿಟ್ಟಿತು. ಸಣ್ಣ ದನಿಯಲ್ಲಿ, ಎಳೆ ಎಳೆಯಾಗಿ ಅಳತೊಡಗಿತು. ಆಮೇಲೆ ಅದರ ಒಂದು ಕೈ ಅದುರಿತು. ಕಣ್ಣು ಒಂದೇ ಕಡೆ ನಿಂತಿತು. ಶೀತಲ ಚೀರಿದಳು. ಈಶ್ವರ ಬಡಿಸುವ ಪಾತ್ರೆ ಎಸೆದು ಗಾಡಿಯತ್ತ ಓಡಿದ. ನಮ್ಮ ಗಾಡಿಗಳ ಹಿಂದೆ ದೊಡ್ಡ ಮಂದಿಯ ಗಾಡಿಗಳು ಸಾಲಾಗಿ ನಿಂತಿದ್ದವು. ಯಾರ ಕೀಲಿ ಯಾರ ಹತ್ತಿರ ಇತ್ತೋ. ಊಟಕ್ಕೆ ಕುಳಿತವರನ್ನು ಎಬ್ಬಿಸುವುದು ಹೇಗೆ ಎಂದು ಕೆಲವರು ಯೋಚಿಸುತ್ತಿದ್ದರು. ನಾನು ಕಣ್ಣಾರೆ ಕಂಡೆ, ಯೋಚಿಸುತ್ತಿದ್ದರು! ಡಾಕ್ಟರು ತಮ್ಮ ಸಣ್ಣ ಕಾರನ್ನು ರಸ್ತೆಯಲ್ಲೇ ಬಿಟ್ಟಿದ್ದರು. ಅದರಲ್ಲೇ ಹೋದೆವು. ಶೀತಲಳ ಮಡಿಲಲ್ಲಿ ಕೂಸು, ಪಕ್ಕದಲ್ಲಿ ನಾನು. ದಾರಿಯುದ್ದಕ್ಕೂ ಡಾಕ್ಟರು ಒಂದೇ ಮಾತು ಹೇಳುತ್ತಿದ್ದರು. "ಉಸರು ಐತೇನ್ರಿ? ಹೇಳ್ಕೋತ ಇರ್ರಿ ಬಾಯಾರ, ಉಸರು ಐತೇನು?" ಐತ್ರಿ, ಐತ್ರಿ ಎಂದು ನಾನು ಹೇಳುತ್ತ ಹೋದೆ.

ತಲೆಯೊಳಗೆ ರಕ್ತ ಒಸರಿತ್ತು. ಮಿರಜದಲ್ಲಿ ಪ್ಲೇಟ್‌ಲೆಟ್ ಏರಿಸಿದರು, ಔಷಧ ಹನಿಸಿದರು. ಕೂಸು ಉಳಿಯಿತು. ಉಳಿಯಿತು ಎನ್ನುವುದಕ್ಕೂ ಹಲವು ಅರ್ಥಗಳಿವೆ. ನಮ್ಮ ಮೊಮ್ಮಗನ ಹೆಸರು ಸಮಾಧಾನ. ಅವನ ಕತ್ತು ಇನ್ನೂ ಸರಿಯಾಗಿ ನಿಲ್ಲುವುದಿಲ್ಲ. ಬಲಗೈ ಮುಷ್ಟಿ ಬಿಚ್ಚುವುದಿಲ್ಲ. ಆಗಾಗ ಫಿಟ್ಸ್ ಬರುತ್ತದೆ. ಅವನ ತಾಯಿ ಹಾಡಿದರೆ ನಗುತ್ತಾನೆ. ಆ ನಗು ಬಹಳ ಚೆನ್ನಾಗಿದೆ. ಅಧ್ಯಕ್ಷರು ಅದನ್ನು ಇನ್ನೂ ನೋಡಿಲ್ಲ.

ಹಾಗಾದರೆ ತಪ್ಪು ಯಾರದು? ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಬಹಳ ಬೇಗ ಸಿಕ್ಕಿತು. ಮೊದಲು ಸುಂದರಾಬಾಯಿಯದು. ಅವಳ ಕೈ ಕೆಟ್ಟದ್ದು ಎಂದು ಊರಿಡೀ ಹಬ್ಬಿತು. ಎರೆಯಲು ಕರೆಯುವವರು ನಿಂತರು. ಅವಳು ಈಗ ಅಥಣಿಯಲ್ಲಿ ಯಾರದೋ ಮನೆಯಲ್ಲಿ ಪಾತ್ರೆ ತಿಕ್ಕುತ್ತಾಳೆ. ಎರಡನೆಯದು ಶೀತಲಳದು. ಅವಳ ರಕ್ತವೇ ಕೆಟ್ಟದ್ದು. ಮೂರನೆಯದು ಡಾಕ್ಟರದು. ಅಪಶಕುನ ನುಡಿದರಲ್ಲ! ಮೂವರೂ ಹೆಂಗಸರು. ನಾಲ್ಕನೆಯವರನ್ನು ಯಾರೂ ಹುಡುಕಲಿಲ್ಲ.

ನಾನು ಡಾಕ್ಟರನ್ನು ಕೇಳಿದ್ದೆ. ಆ ದಿನ ಎರೆಯದೇ ಇದ್ದಿದ್ದರೆ ಕೂಸು ಸರಿ ಇರುತ್ತಿತ್ತೇ ಎಂದು. ಅವರು ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡಬಹುದಿತ್ತು, ಅಥವಾ ನನ್ನ ಸಿಟ್ಟಿಗೆ ಸೌದೆ ಹಾಕಬಹುದಿತ್ತು. ಎರಡನ್ನೂ ಮಾಡಲಿಲ್ಲ. "ಖಾತ್ರಿ ಹೇಳಾಕ ಬರೂದಿಲ್ರಿ ಬಾಯಾರ. ಒಮ್ಮೊಮ್ಮೆ ತಾನಾಗೂ ರಕ್ತ ಒಸರತೈತಿ. ಆದ್ರ ದವಾಖಾನಿಯೊಳಗ ಇದ್ದಿದ್ರ ಇಳಿಯೂದು ಕಾಣ್ತಿತ್ತು, ಆಗಿಂದಾಗ ಪ್ಲೇಟ್‌ಲೆಟ್ ಏರಸ್ತಿದ್ರು" ಎಂದರು. ಆ ಪ್ರಾಮಾಣಿಕ ಮಾತಿನ ಮೊದಲರ್ಧವನ್ನು ಮಾತ್ರ ನಮ್ಮ ಯಜಮಾನರು ಕಿತ್ತುಕೊಂಡರು. ನೋಡ್ರಿ, ಡಾಕ್ಟರೇ ಖಾತ್ರಿ ಇಲ್ಲ ಅಂದಾಳ ಎಂದು ಎಲ್ಲರಿಗೂ ಹೇಳುತ್ತ ತಿರುಗಿದರು.

ಕೂಸು ಮಿರಜದಿಂದ ಬಂದ ತಿಂಗಳೊಳಗೇ ಈಶ್ವರನಿಗೆ ಇನ್ನೊಂದು ಮದುವೆಯ ಮಾತು ಬಂತು. ಸಮಾಧಾನನನ್ನು ಯಾವುದಾದರೂ ಆಶ್ರಮಕ್ಕೆ ಬಿಡುವುದು, ಶೀತಲಳನ್ನು ರಾಯಬಾಗಕ್ಕೆ ಕಳಿಸುವುದು. ಈಶ್ವರ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ತಲೆ ತಗ್ಗಿಸಿದ. ಈಗಲೂ ಅಲ್ಲಿ, ಕಂಬದ ಹತ್ತಿರ, ತಲೆ ತಗ್ಗಿಸಿಯೇ ಕುಳಿತಿದ್ದಾನೆ. ನಾನು ಶೀತಲಳನ್ನೂ ಮೊಮ್ಮಗನನ್ನೂ ಕರೆದುಕೊಂಡು ಚಿಕ್ಕೋಡಿಗೆ ಹೋದೆ. ಬಾಡಿಗೆ ಮನೆ. ಮಾವನ ಮನೆಯ ಮೆಟ್ಟಿಲು ಇಳಿಯುವಾಗ ನನಗೆ ದುಃಖವಾಗಲಿಲ್ಲ ಎಂದರೆ ನೀವು ನಂಬಬೇಕು. ಆ ಮನೆಯಲ್ಲಿ ನನ್ನ ಮೊದಲ ಕೂಸು ಹೋದಾಗ, "ಅಳಬ್ಯಾಡ, ಮತ್ತೊಂದು ಆಕ್ಕೈತಿ" ಎಂದು ಹೇಳಿ ಹೊಲಕ್ಕೆ ಹೋದವರು ಈ ಯಜಮಾನರು. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಬಾಯಿಗೆ ಬಂತು. ಕ್ಷಮಿಸಿ.

ಕಳೆದ ತಿಂಗಳು ಯಜಮಾನರು ಡಾಕ್ಟರನ್ನು ಟ್ರಸ್ಟಿನ ಸಭೆಗೆ ಕರೆಸಿದರು. ಈಶ್ವರನಿಗೆ ಹೆಣ್ಣು ಕೊಟ್ಟು ಬೀಗರಾಗಲು ಬಂದವರೂ ಅಲ್ಲಿ ಕುಳಿತಿದ್ದರು. ತಾಯಿಯ ರಕ್ತ ಮೊದಲಿನಿಂದಲೇ ಕೆಟ್ಟಿತ್ತು, ಕೂಸು ಹೊಟ್ಟೆಯಲ್ಲೇ ಹೀಗಿತ್ತು ಎಂದು ಎಲ್ಲರೆದುರು ಅವರು ಒಂದು ಮಾತು ಹೇಳಬೇಕಿತ್ತು. ಅಷ್ಟೇ. ಹೇಳಿದ್ದರೆ ಇಂದು ಬೀಳ್ಕೊಡುಗೆಯ ಬದಲು ಹೊಸ ಕೋಣೆಯ ಉದ್ಘಾಟನೆ ಇರುತ್ತಿತ್ತು. ಡಾಕ್ಟರು ಎದ್ದು ನಿಂತರು. ಸಿಟ್ಟು ಬಂದರೆ ಅವರಿಗೆ ತಾಯಿನುಡಿಯೇ ಬರುತ್ತದೆ. "ಮೀ ಖೋಟಂ ಬೋಲಣಾರ ನಾಹೀ, ಸಾಹೇಬ" ಎಂದರಂತೆ. ಆಮೇಲೆ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೂ ಹೇಳಿದರಂತೆ. "ನಾ ಸುಳ್ಳು ಹೇಳೂದಿಲ್ರಿ. ಕೂಸು ಹುಟ್ಟಿದಾಗ ಚಲೋ ಇತ್ತು."

ಇದು ಮುರಗೆಪ್ಪನವರು ಹೇಳಿದ ವೈಯಕ್ತಿಕ ಕಾರಣ.

ಇನ್ನೊಂದೇ ಮಾತು. ನಿರೂಪಕರು ಗಡಿಯಾರ ತೋರಿಸುತ್ತಿದ್ದಾರೆ, ನಾನು ಇದುವರೆಗೆ ಪಾಠ ಮುಗಿಸದೆ ಗಂಟೆ ಹೊಡೆಸಿದವಳಲ್ಲ. ನಮ್ಮ ಮಗಳು ಮಂಗಲ ಈಗ ತುಂಬು ಬಸುರಿ. ಗಂಡ ವಿಕ್ರಾಂತನ ಜೊತೆ ಇಲ್ಲೇ ಕುಳಿತಿದ್ದಾಳೆ. ಅವಳನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ. ಅವಳ ತಪಾಸಣೆಯಲ್ಲೂ ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆ ಬಂದಿದೆ. ವರದಿ ಕಂಡ ದಿನ ಅವಳ ಅಪ್ಪ ಅನ್ನ ಮುಟ್ಟಲಿಲ್ಲವಂತೆ. ಮೂರು ವರ್ಷದಲ್ಲಿ ಮೊದಲ ಸಲ ನನಗೆ ಫೋನ್ ಮಾಡಿದರು. ಮಗನಿಗಾಗಿ ಅಲ್ಲ, ಮೊಮ್ಮಗನಿಗಾಗಿ ಅಲ್ಲ. "ಆ ಡಾಕ್ಟರ್ ಬಾಯಿಗೆ ನೀನಽ ಒಂದ ಮಾತ ಕೇಳ. ನಾ ಹೇಳಿದ್ನಿ ಅನಬ್ಯಾಡ" ಎಂದರು.

ಕೇಳಿದೆ. ಯಾರು ಹೇಳಿದರು ಎಂದೂ ಹೇಳಿದೆ. ಡಾಕ್ಟರು ವರದಿ ತರಿಸಿ, ಮಂಗಲಳನ್ನು ಕರೆಸಿ ನೋಡಿದರು. "ಇದು ಆ ರೋಗ ಅಲ್ರಿ. ಬಸರ ಹೆಂಗಸರೊಳಗ ಭಾಳ ಮಂದಿಗೆ ಕಡೀ ತಿಂಗಳದಾಗ ಹಿಂಗ ಸ್ವಲ್ಪ ಇಳೀತೈತಿ. ಬಿಪಿ ನೋಡಕೋತ ಇರ್ರಿ, ರಕ್ತ ಮತ್ತ ತಪಾಸ ಮಾಡಸ್ರಿ. ಹಡದ ಮ್ಯಾಲೆ ಕೂಸಿಂದೂ ಒಮ್ಮೆ ನೋಡಸ್ರಿ" ಎಂದು ಒಂದೊಂದನ್ನೂ ಬಿಡಿಸಿ ಹೇಳಿದರು. ತಮ್ಮನ್ನು ಮನೆಗೆ ಕಳಿಸುತ್ತಿರುವವರ ಮಗಳಿಗೆ ಹೇಳುತ್ತಿದ್ದೇನೆ ಎನ್ನುವುದು ಅವರ ದನಿಯಲ್ಲಿ ಎಲ್ಲೂ ಇರಲಿಲ್ಲ. ನನ್ನಿಂದ ಅದು ಆಗುತ್ತಿರಲಿಲ್ಲ. ನಾನು ಅಷ್ಟು ಒಳ್ಳೆಯವಳಲ್ಲ.

ಡಾಕ್ಟರೇ, ಈ ಟ್ರಸ್ಟಿನ ಶಾಲನ್ನು ನನ್ನ ಕೈಯಿಂದ ನಿಮಗೆ ಹೊದಿಸಬೇಕೆಂದು ಕಾರ್ಯಕ್ರಮದಲ್ಲಿದೆ. ನಿಮ್ಮನ್ನು ಕಳಿಸುತ್ತಿರುವವರ ಶಾಲನ್ನು ನಾನು ಹೊದಿಸುವುದಿಲ್ಲ. ಬೇಕಾದವರು ಹೊದಿಸಲಿ.

ಮಂಗಲಾ, ಎದ್ದು ನಿಲ್ಲಬೇಡ, ಕುಳಿತೇ ಕೇಳು. ಹಡೆದ ಮೇಲೆ, ಇನ್ನು ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳುವ ತನಕ ನೀನು ಆಸ್ಪತ್ರೆ ಬಿಡಬಾರದು. ಪೆಂಡಾಲ್ ಹಾಕಿರಲಿ, ಪಂಕ್ತಿ ಕುಳಿತಿರಲಿ. ಆ ದಿನ ಮಿರಜದ ವರಾಂಡದಲ್ಲಿ ನಾನೊಬ್ಬಳೇ ಅಡ್ಡ ನಿಂತಿದ್ದೆ, ಪಕ್ಕಕ್ಕೆ ಸರಿಸಿದರು. ಈ ಸಲ ನಿನ್ನ ಬಾಗಿಲಲ್ಲಿ ನನ್ನ ಜೊತೆ ಶೀತಲಳೂ ನಿಲ್ಲುತ್ತಾಳೆ. ಸಮಾಧಾನನನ್ನು ಎತ್ತಿಕೊಂಡು ನಿಲ್ಲುತ್ತಾಳೆ. ಕೂಸನ್ನು ಹೊರಗೆ ತರಬೇಕೆಂದವರು ಮೊದಲು ಅವನ ಮುಖ ನೋಡಿ, ಆಮೇಲೆ ನಮ್ಮನ್ನು ದಾಟಲಿ.

ಇಷ್ಟು ಹೊತ್ತು ಎದ್ದು ಹೋಗದೆ ಕುಳಿತ ಸಭಿಕರಿಗೆ, ಧ್ವನಿವರ್ಧಕ ಬಂದ್ ಮಾಡಲು ಸನ್ನೆ ಬಂದರೂ ಬಂದ್ ಮಾಡದ ನನ್ನ ಹಳೆಯ ವಿದ್ಯಾರ್ಥಿನಿಗೆ, ಮಾತಾಡಲು ಅವಕಾಶ ಕೊಟ್ಟು ಈಗ ಪಶ್ಚಾತ್ತಾಪ ಪಡುತ್ತಿರುವ ಅಧ್ಯಕ್ಷರಿಗೆ, ನಾನು ಋಣಿ. ನಮಸ್ಕಾರ.